ಮೂರನೆಯವರಿಗೆ ಮುಟ್ಟಿದ ಮಾತು: ಬೋರ್ಡ್ ಸದಸ್ಯರ ಇಮೇಲ್, ವಾಟ್ಸಾಪ್ ಮತ್ತು ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆ

ಐದು ಜನರ ಒಂದು ಶಾಲಾ ಬೋರ್ಡ್ ಇದೆ ಎಂದುಕೊಳ್ಳಿ. ಸೋಮವಾರ ಒಬ್ಬ ಟ್ರಸ್ಟಿ, ಅಂದರೆ ಬೋರ್ಡ್ ಸದಸ್ಯರು, ಇನ್ನೊಬ್ಬರಿಗೆ ಫೋನ್ ಮಾಡಿ, ಮುಚ್ಚಬೇಕೆಂದು ಮಾತು ನಡೆದಿರುವ ಪ್ರಾಥಮಿಕ ಶಾಲೆಯ ಬಗ್ಗೆ ತಮ್ಮ ಅಭಿಪ್ರಾಯ ಹೇಳುತ್ತಾರೆ. ಇಲ್ಲಿಯವರೆಗೆ ತಪ್ಪೇನಿಲ್ಲ. ಬುಧವಾರ ಆ ಎರಡನೆಯವರು ಮೂರನೆಯವರಿಗೆ ಒಂದು ಸಾಲಿನ ಮೆಸೇಜ್ ಹಾಕುತ್ತಾರೆ: "ಮುಚ್ಚುವುದಕ್ಕೆ ಅವರೂ ಒಪ್ಪಲ್ಲ, ನಾನೂ ಒಪ್ಪಲ್ಲ, ನೀವು ಏನಂತೀರಿ?" ಮೂರನೆಯವರು "ನಾನೂ ಅಷ್ಟೇ" ಎಂದು ಬರೆದ ಗಳಿಗೆಗೆ ಕಾನೂನಿನ ಲೆಕ್ಕದಲ್ಲಿ ಒಂದು ಅಕ್ರಮ ಸಭೆ ನಡೆದುಹೋಯಿತು. ಮೂವರೂ ಒಂದು ಕೋಣೆಯಲ್ಲಿ ಕೂತಿಲ್ಲ, ಒಂದೇ ದಿನ ಮಾತಾಡಿಲ್ಲ. ಬುಧವಾರದ ಮೆಸೇಜಿನ ವಿಷಯ ಮೊದಲನೆಯವರಿಗೆ ಗೊತ್ತೂ ಇಲ್ಲ. ಹಾಗಿದ್ದರೂ ಅದು ಸಭೆಯೇ.

ಬೇ ಏರಿಯಾದಲ್ಲಾಗಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಾಗಲಿ ಶಾಲಾ ಬೋರ್ಡಿಗೆ, ಪ್ಲಾನಿಂಗ್ ಕಮಿಷನ್ನಿಗೆ, ಲೈಬ್ರರಿ ಕಮಿಷನ್ನಿಗೆ ನಿಲ್ಲಬೇಕೆಂದಿರುವ ಕನ್ನಡಿಗರು ಮೊದಲು ತಿಳಿಯಬೇಕಾದ ಕಾನೂನು ಇದು: ಸ್ಥಳೀಯ ಸಂಸ್ಥೆಗಳ ಸಭೆ ಜನರಿಗೆ ತೆರೆದಿರಬೇಕೆನ್ನುವ ಬ್ರೌನ್ ಕಾಯ್ದೆ. ಮಕ್ಕಳ ಶಾಲೆಯ ಬೋರ್ಡ್ ಮೀಟಿಂಗಿಗೆ ಹೋಗಿ ಮೂರು ನಿಮಿಷ ಮಾತಾಡಿ, "ಇವರೆಲ್ಲ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದಾರೆ" ಎಂದು ಬೇಸರದಿಂದ ಮನೆಗೆ ಬರುವ ತಂದೆತಾಯಿಗೂ ಇದು ಗೊತ್ತಿರಬೇಕು. ಆ ಅನುಮಾನ ನಿಜವಾಗದಂತೆ ತಡೆಯುವುದೇ ಈ ಕಾಯ್ದೆಯ ಕೆಲಸ.

ಊರಿನಿಂದ ಹೋದವರಿಗೆ ಇದು ಸ್ವಲ್ಪ ಅಪರಿಚಿತ. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ, ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಮಂಡಳಿ, ಸಮಿತಿಗಳ ಸಭೆ ಜನರಿಗೆ ತೆರೆದಿದೆಯೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂದು ತಾನಾಗಿ ಪ್ರಕಟಿಸಬೇಕು ಎಂದಿದೆ. ತೆರೆದಿರಲೇಬೇಕು ಎಂದು ಆ ಕಲಮು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಕಾಯ್ದೆ ಶುರುವಾಗುವುದೇ ಅಲ್ಲಿಂದ: ಬಾಗಿಲು ತೆರೆದಿರಲೇಬೇಕು, ಮುಚ್ಚುವುದಾದರೆ ಪಟ್ಟಿ ಮಾಡಿದ ಕಾರಣಗಳಿಗೆ ಮಾತ್ರ.

1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ವರದಿಗಾರ ಮೈಕೇಲ್ ಹ್ಯಾರಿಸ್, ಊರೂರಿನ ಕೌನ್ಸಿಲ್ಲುಗಳು ಹೇಗೆ ಗುಟ್ಟಾಗಿ ಸೇರಿ ತೀರ್ಮಾನ ಮಾಡುತ್ತಿವೆ ಎಂದು ಸರಣಿ ಲೇಖನ ಬರೆದರು. ಮರುವರ್ಷ, 1953ರಲ್ಲಿ, ಮೊಡೆಸ್ಟೊದ ಶಾಸಕ ರಾಲ್ಫ್ ಬ್ರೌನ್ ಅವರ ಹೆಸರಿನ ಈ ಕಾಯ್ದೆ ಬಂತು. ಸಿಟಿ, ಕೌಂಟಿ, ಶಾಲಾ ಜಿಲ್ಲೆ, ನೀರಿನ ಜಿಲ್ಲೆ ಎಲ್ಲಕ್ಕೂ ಅನ್ವಯ. ಕೌನ್ಸಿಲ್ ಠರಾವು ಮಾಡಿ ಹುಟ್ಟಿಸಿದ, ಬರೀ ಸಲಹೆ ಕೊಡುವ ಕಮಿಷನ್ನಿಗೂ ಅನ್ವಯ. ರಾಜ್ಯ ಮಟ್ಟದ ಮಂಡಳಿಗಳಿಗೆ ಬೇರೆ ಕಾಯ್ದೆಯಿದೆ. ಮನೆಮಾಲೀಕರ ಸಂಘ, ಅಂದರೆ ಎಚ್‌ಒಎ, ಇದರಡಿ ಬರುವುದಿಲ್ಲ. ಅದಕ್ಕೂ ಪ್ರತ್ಯೇಕ ಕಾನೂನಿದೆ.

ಲೆಕ್ಕ ಹಾಕುವ ರೀತಿ

ಕಾಯ್ದೆಯ ಹೃದಯ 54952.2 ಎಂಬ ಸೆಕ್ಷನ್. ಅದರ ಮೊದಲ ಭಾಗ ಸುಲಭ: ಬಹುಮತದಷ್ಟು ಸದಸ್ಯರು ಒಂದೇ ಹೊತ್ತಿಗೆ ಒಂದೇ ಕಡೆ ಸೇರಿ ತಮ್ಮ ಸಂಸ್ಥೆಯ ವ್ಯಾಪ್ತಿಯ ಯಾವುದೇ ವಿಷಯವನ್ನು ಕೇಳಿದರೆ, ಚರ್ಚಿಸಿದರೆ, ಪರ್ಯಾಲೋಚಿಸಿದರೆ, ತೀರ್ಮಾನಿಸಿದರೆ ಅದು ಸಭೆ. ಸಾಮಾನ್ಯ ಸಭೆಗೆ 72 ಗಂಟೆ ಮುಂಚೆ, ವಿಶೇಷ ಸಭೆಗೆ 24 ಗಂಟೆ ಮುಂಚೆ ಅಜೆಂಡಾ ಹಚ್ಚಬೇಕು, ಜನರಿಗೆ ಮಾತಾಡಲು ಅವಕಾಶ ಕೊಡಬೇಕು. "ಕೇಳಿದರೆ" ಎಂಬ ಪದವನ್ನು ಗಮನಿಸಿ. ಬಾಯಿ ಬಿಡದೆ ಕೂತು ಕೇಳಿಸಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ಸ್ಯಾಕ್ರಮೆಂಟೊ ಕೌಂಟಿಯ ಆಡಳಿತ ಮಂಡಳಿಯ ಸದಸ್ಯರಾದ ಐವರು ಸೂಪರ್‌ವೈಸರುಗಳು ಸಮಾಜಸೇವಾ ನೌಕರರ ಮುಷ್ಕರದ ಹೊತ್ತಿನಲ್ಲಿ ಎಲ್ಕ್ಸ್ ಕ್ಲಬ್ಬಿನಲ್ಲಿ ಕಾರ್ಮಿಕ ಮುಖಂಡರ ಜತೆ ಊಟಕ್ಕೆ ಕೂತಿದ್ದರು. ಪತ್ರಕರ್ತರನ್ನು ಒಳಗೆ ಬಿಟ್ಟಿರಲಿಲ್ಲ. 1968ರಲ್ಲಿ ನ್ಯಾಯಾಲಯ ಅದನ್ನೂ ಸಭೆಯೆಂದೇ ಕರೆಯಿತು. ಮತ ಹಾಕಿಲ್ಲ, ಬರೀ ಊಟ ಮಾಡಿದ್ದು ಎಂಬ ವಾದ ನಿಲ್ಲಲಿಲ್ಲ.

ಎರಡನೆಯ ಭಾಗ ಫೋನು, ಇಮೇಲುಗಳಿಗೆ ಸಂಬಂಧಿಸಿದ್ದು. ಬಹುಮತದಷ್ಟು ಸದಸ್ಯರು ಅಧಿಕೃತ ಸಭೆಯ ಹೊರಗೆ, "ಯಾವುದೇ ಬಗೆಯ ಸಂವಹನಗಳ ಸರಣಿ"ಯಿಂದ, ನೇರವಾಗಿಯಾಗಲಿ ಮಧ್ಯವರ್ತಿಗಳ ಮೂಲಕವಾಗಲಿ, ವಿಷಯವನ್ನು ಚರ್ಚಿಸುವಂತಿಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರನ್ನು ಕಂಡೇ ಬರೆದ ವಾಕ್ಯ ಇದು. "ಯಾವುದೇ ಬಗೆಯ" ಎಂದಾಗ ಇಮೇಲ್, ಎಸ್ಸೆಮ್ಮೆಸ್, ವಾಟ್ಸಾಪ್, ಸಿಗ್ನಲ್, ಗೂಗಲ್ ಡಾಕ್ಸಿನ ಅಂಚಿನಲ್ಲಿ ಬರೆಯುವ ಕಾಮೆಂಟು, ಜೂಮ್ ಮೀಟಿಂಗಿನ ಖಾಸಗಿ ಚಾಟ್, ಕೈಚೀಟಿ ಎಲ್ಲವೂ ಒಂದೇ.

ಬಹುಮತ ಎಂದರೆ ಐವರಲ್ಲಿ ಮೂವರು, ಏಳರಲ್ಲಿ ನಾಲ್ವರು. ಅಪಾಯ ಇರುವುದು ಸಣ್ಣ ಸಮಿತಿಗಳಲ್ಲಿ. ಮೂರು ಜನರ ಸ್ಥಾಯಿ ಸಮಿತಿಯಲ್ಲಿ ಇಬ್ಬರೇ ಬಹುಮತ, ಹಾಗಾಗಿ ಆ ಸಮಿತಿಯ ವಿಷಯವನ್ನು ಇಬ್ಬರು ಫೋನಿನಲ್ಲಿ ಮಾತಾಡಿದರೂ ಉಲ್ಲಂಘನೆ. ಇನ್ನೂ ಪ್ರಮಾಣವಚನ ತೆಗೆದುಕೊಳ್ಳದ, ಆದರೆ ಚುನಾವಣೆ ಗೆದ್ದ ಸದಸ್ಯರೂ ಲೆಕ್ಕಕ್ಕೆ ಸೇರುತ್ತಾರೆ. ನವೆಂಬರಿನಲ್ಲಿ ಗೆದ್ದು ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬರುವ ಹೊಸಬರು "ನಾನಿನ್ನೂ ಸದಸ್ಯನಲ್ಲವಲ್ಲ" ಎಂದು ಎಲ್ಲರಿಗೂ ಮೆಸೇಜು ಹಾಕುವುದನ್ನು ಕಾಯ್ದೆ ಒಪ್ಪುವುದಿಲ್ಲ.

"ಅದು ಅಜೆಂಡಾದಲ್ಲೇ ಇಲ್ಲವಲ್ಲ" ಎಂಬ ಸಮರ್ಥನೆಯೂ ನಡೆಯುವುದಿಲ್ಲ. ವಿಷಯ ಸಂಸ್ಥೆಯ ವ್ಯಾಪ್ತಿಯೊಳಗಿದ್ದರೆ ಸಾಕು. ಮುಂದಿನ ವರ್ಷದ ಬಜೆಟ್ಟು, ಎಂದೋ ಬರಬಹುದಾದ ಅಪಾರ್ಟ್‌ಮೆಂಟು ಯೋಜನೆ, ಶಾಲಾ ಜಿಲ್ಲೆಯ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟರ ಕೆಲಸ ಹೇಗಿದೆ ಎಂಬ ಮಾತು, ಎಲ್ಲವೂ ವ್ಯಾಪ್ತಿಯೊಳಗೇ. ಮುಂದಿನ ಸಭೆ ಯಾವ ದಿನ ಇಟ್ಟುಕೊಳ್ಳೋಣ ಎಂದು ಕೇಳುವುದಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಆ ಸಭೆಯಲ್ಲಿ ಏನು ಮಾಡೋಣ ಎಂದರೆ ಗೆರೆ ದಾಟಿದಂತೆ.

ಸರಪಳಿ ಮತ್ತು ಚಕ್ರ

ಸರಣಿ ಸಭೆ ಎರಡು ರೂಪದಲ್ಲಿ ಆಗುತ್ತದೆ. ಒಂದು ಸರಪಳಿ: ಒಬ್ಬರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ ದಾಟಿಸುವುದು. ಇನ್ನೊಂದು ಗಾಡಿಚಕ್ರ: ನಡುವೆ ಗುಂಬದ ಹಾಗೆ ಒಬ್ಬರಿದ್ದು, ಅರಗಳ ಹಾಗೆ ಪ್ರತಿ ಸದಸ್ಯರ ಕಡೆಗೆ ಹೋಗಿ ಬರುವುದು. ನಡುವೆ ಇರುವವರು ಸದಸ್ಯರೇ ಆಗಬೇಕಿಲ್ಲ. ನಗರಾಡಳಿತ ನಡೆಸುವ ಅಧಿಕಾರಿಯಾದ ಸಿಟಿ ಮ್ಯಾನೇಜರ್, ವಕೀಲರು, ಬಿಲ್ಡರ್, ಕಾರ್ಮಿಕ ಸಂಘದವರು, ಉತ್ಸಾಹಿ ಪೋಷಕರು ಯಾರಾದರೂ ಆಗಬಹುದು. 1985ರ ಸ್ಟಾಕ್ಟನ್ ಮೊಕದ್ದಮೆಯಲ್ಲಿ ಒಬ್ಬ ವಕೀಲರು ಸದಸ್ಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಒಪ್ಪಿಗೆ ಕೂಡಿಸಿದರೆಂಬ ಆರೋಪವನ್ನು ಮೇಲ್ಮನವಿ ನ್ಯಾಯಾಲಯ ಬ್ರೌನ್ ಕಾಯ್ದೆಯ ಉಲ್ಲಂಘನೆಯಾಗಬಲ್ಲದ್ದು ಎಂದು ಎತ್ತಿಹಿಡಿಯಿತು.

ಇಲ್ಲಿ ಫ್ರೀಮಾಂಟ್ ನಗರದ ಕತೆ ಬರುತ್ತದೆ. ಕಳ್ಳತನದ ಅಲಾರಾಂ ಬಡಿದರೂ ನಿಜವೆಂದು ಖಚಿತವಾಗದೆ ಪೊಲೀಸರು ಓಡಬೇಕಿಲ್ಲ ಎಂಬ ಹೊಸ ನೀತಿಯ ಬಗ್ಗೆ ಸಿಟಿ ಮ್ಯಾನೇಜರ್ ಕೌನ್ಸಿಲ್ ಸದಸ್ಯರನ್ನು ಪ್ರತ್ಯೇಕವಾಗಿ ಭೇಟಿ ಮಾಡಿದ್ದು ಮೊಕದ್ದಮೆಯಾಯಿತು. 2006ರ ಆ ತೀರ್ಪಿನ ಒಂದು ಅಡಿಟಿಪ್ಪಣಿ, ಸರಣಿ ಮಾತುಕತೆ ಸಾಮೂಹಿಕ ಒಮ್ಮತ ಬೆಳೆಸಲು ಬಳಕೆಯಾದರೆ ಮಾತ್ರ ಅಕ್ರಮ ಎಂಬರ್ಥಕ್ಕೆ ಎಡೆ ಮಾಡಿತು. ಶಾಸಕಾಂಗ ಅದನ್ನು ಸಹಿಸಲಿಲ್ಲ. 2008ರಲ್ಲಿ ತಿದ್ದುಪಡಿ ತಂದು, ಆ ಟಿಪ್ಪಣಿಯನ್ನು ತಾನು ಒಪ್ಪುವುದಿಲ್ಲವೆಂದು ಹೆಸರು ಹಿಡಿದೇ ಬರೆಯಿತು. 2009ರ ಜನವರಿ 1ರಿಂದ ಒಮ್ಮತ ಬೇಕಾಗಿಲ್ಲ. ಚರ್ಚೆ ನಡೆದರೆ ಸಾಕು. ಮೂವರು ಜಗಳವಾಡಿಕೊಂಡು, ಒಬ್ಬರನ್ನೊಬ್ಬರು ಒಪ್ಪದೆ ಮುಗಿಸಿದ ಇಮೇಲ್ ಸರಣಿಯೂ ಉಲ್ಲಂಘನೆಯೇ. ಇದನ್ನು ಅರ್ಥ ಮಾಡಿಕೊಳ್ಳದ ಹಳೆಯ ಸದಸ್ಯರು ಇವತ್ತಿಗೂ "ನಾವೇನೂ ತೀರ್ಮಾನ ಮಾಡಲಿಲ್ಲವಲ್ಲ" ಎನ್ನುತ್ತಾರೆ.

ಸರಪಳಿಗೆ ಸಿಕ್ಕಿಕೊಳ್ಳದಿರಲು ಒಂದೇ ಪ್ರಶ್ನೆ ಸಾಕು, ಅದನ್ನು ಮೊದಲೇ ಕೇಳಬೇಕು: "ಈ ವಿಷಯ ಬೇರೆ ಯಾವ ಸದಸ್ಯರ ಜತೆಗಾದರೂ ಮಾತಾಡಿದ್ದೀರಾ?" ಹೌದೆಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಏಕೆಂದರೆ ಲೆಕ್ಕ ಎರಡೂ ಕಡೆಯಿಂದ ಕೂಡುತ್ತದೆ. ನೀವು ಒಬ್ಬರ ಜತೆ ಮಾತಾಡಿರುತ್ತೀರಿ, ಎದುರಿಗಿರುವವರು ಇನ್ನೊಬ್ಬರ ಜತೆ ಮಾತಾಡಿರುತ್ತಾರೆ, ನಾಲ್ವರಾಯಿತು. ಮಾತಾಡಲೇಬೇಕಿದ್ದರೆ ಒಂದು ವಿಷಯಕ್ಕೆ ಒಬ್ಬ ಜೊತೆಗಾರರನ್ನು ಗೊತ್ತುಮಾಡಿಕೊಂಡು, ಅದು ಮುಗಿಯುವವರೆಗೆ ಬದಲಾಯಿಸದಿರುವುದು ಒಳ್ಳೆಯ ಪದ್ಧತಿ.

"ಎಲ್ಲರಿಗೂ ಕಾಣುವಂತೆ ಹಾಕಿದರೆ?"

ಇಮೇಲನ್ನು ಗುಟ್ಟು ಮಾಡದಿದ್ದರೆ ಸರಿಯಾಗುತ್ತದಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಇದನ್ನು 2001ರಲ್ಲೇ ರಾಜ್ಯದ ಅಟಾರ್ನಿ ಜನರಲ್ ಮುಂದೆ ಇಟ್ಟಿದ್ದರು: ಸದಸ್ಯರು ಪರಸ್ಪರ ಕಳಿಸುವ ಇಮೇಲುಗಳ ಪ್ರತಿಯನ್ನು ಕಾರ್ಯದರ್ಶಿಗೂ ಅಧ್ಯಕ್ಷರಿಗೂ ಕಳಿಸಿ, ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಮುಂದಿನ ಸಭೆಯಲ್ಲಿ ಮುದ್ರಿತ ಪ್ರತಿಯನ್ನೂ ವರದಿ ಮಾಡಿದರೆ ಸಾಕೇ? ಸಾಲದು ಎಂಬುದು ಉತ್ತರ. ಕಾರಣ ಗಟ್ಟಿಯಾಗಿದೆ. ಚರ್ಚೆಯ ಪ್ರತಿಯನ್ನು ಆಮೇಲೆ ಓದುವುದು ಬೇರೆ, ಚರ್ಚೆ ನಡೆಯುವಾಗ ಎದ್ದು ನಿಂತು ಮಾತಾಡುವುದು ಬೇರೆ. ಇಂಟರ್ನೆಟ್ ಇಲ್ಲದವರಿಗೆ ಓದುವುದೂ ಇಲ್ಲ. ಸಭೆಯ ದಿನ ಜನ ಬರುವಷ್ಟರಲ್ಲಿ ವಾದವೆಲ್ಲ ಮುಗಿದು, ಕೈ ಎತ್ತುವ ಶಾಸ್ತ್ರವಷ್ಟೇ ಉಳಿದಿರುತ್ತದೆ. "ಜನ ತಮ್ಮ ಸೇವೆಗೆ ಇರುವ ಸಂಸ್ಥೆಗಳಿಗೆ ತಮ್ಮ ಸಾರ್ವಭೌಮತ್ವ ಬಿಟ್ಟುಕೊಟ್ಟಿಲ್ಲ" ಎಂದು ಕಾಯ್ದೆಯ ಮೊದಲ ಸೆಕ್ಷನ್ನಿನಲ್ಲೇ ಇರುವ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗುವುದು ಕಷ್ಟ.

ಬೇರೆ ರಾಜ್ಯಗಳಲ್ಲಿ ಇರುವ ಕನ್ನಡಿಗರು ಇದನ್ನೇ ತಮಗೂ ಅನ್ವಯಿಸಿಕೊಳ್ಳಬಾರದು. ಫ್ಲಾರಿಡಾದಲ್ಲಿ ನಿಯಮ ಇನ್ನೂ ಬಿಗಿ. ಬಹುಮತದ ಮಾತೇ ಇಲ್ಲ, ಇಬ್ಬರು ಸದಸ್ಯರು ಮುಂದೆ ಮಂಡಳಿಗೆ ಬರಬಹುದಾದ ವಿಷಯ ಮಾತಾಡಿದರೆ ಸಾಕು. ವರ್ಜೀನಿಯಾದಲ್ಲಿ ತದ್ವಿರುದ್ಧ. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಗಂಟೆಗಟ್ಟಲೆ ಅಂತರದಲ್ಲಿ ಹೋಗಿ ಬಂದ ಇಮೇಲುಗಳು ಕಾಗದ ಬರೆದಂತೆ, ಸಭೆ ಸೇರಿದಂತೆ ಅಲ್ಲ ಎಂದಿತು.

ಸಿಬ್ಬಂದಿಯ ಇಮೇಲ್

ಸೂಪರಿಂಟೆಂಡೆಂಟ್ ಅಥವಾ ಸಿಟಿ ಮ್ಯಾನೇಜರ್ ಎಲ್ಲ ಸದಸ್ಯರಿಗೂ ಮಾಹಿತಿ ಕಳಿಸಬಹುದು, ಒಬ್ಬೊಬ್ಬರ ಪ್ರಶ್ನೆಗೂ ಉತ್ತರಿಸಬಹುದು. ಒಬ್ಬ ಸದಸ್ಯರ ಅಭಿಪ್ರಾಯವನ್ನೋ ನಿಲುವನ್ನೋ ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಅಷ್ಟೇ. "ಇಬ್ಬರು ಆಗಲೇ ಒಪ್ಪಿದ್ದಾರೆ" ಎಂಬ ಒಂದು ಸಾಲು ಚಕ್ರದ ಗುಂಬವಾಗಿಬಿಡುತ್ತದೆ.

ಕೆಡುವುದು ಸಾಮಾನ್ಯವಾಗಿ ರಿಪ್ಲೈ ಆಲ್ ಗುಂಡಿಯಿಂದ. ವಾರದ ವರದಿ ಐವರ ವಿಳಾಸವನ್ನೂ "ಟು" ಸಾಲಿನಲ್ಲಿಟ್ಟುಕೊಂಡು ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಓದಿದ ಸದಸ್ಯರೊಬ್ಬರು "ಈ ಖರ್ಚು ಅತಿಯಾಯಿತು" ಎಂದು ಎಲ್ಲರಿಗೂ ಉತ್ತರಿಸುತ್ತಾರೆ. ಇನ್ನೊಬ್ಬರು "ನಿಜ" ಎನ್ನುತ್ತಾರೆ. ಮೂರನೆಯವರು ಓದುತ್ತಾರೆ. ಇದನ್ನು ತಪ್ಪಿಸಲು ಸದಸ್ಯರ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಬೇಕು. ಆಗ ರಿಪ್ಲೈ ಆಲ್ ಒತ್ತಿದರೂ ಬಿಸಿಸಿಯಲ್ಲಿರುವ ಇತರ ಸದಸ್ಯರಿಗೆ ಅದು ಹೋಗುವುದಿಲ್ಲ. ಮೊದಲ ಸಾಲಿನಲ್ಲೇ "ಮಾಹಿತಿಗಾಗಿ ಮಾತ್ರ, ಎಲ್ಲರಿಗೂ ಉತ್ತರಿಸಬೇಡಿ" ಎಂದಿರಬೇಕು. ಬಿಸಿಸಿ ಫಾರ್ವರ್ಡನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರವನ್ನು ಎಲ್ಲರಿಗೂ ಕಳಿಸುವಾಗ, ಪ್ರಶ್ನೆಯ ಧಾಟಿಯಲ್ಲಿ ಕೇಳಿದವರ ನಿಲುವು ಇಣುಕದಂತೆ ಮರುಬರೆದು ಕಳಿಸಬೇಕು. ಸಾರ್ವಜನಿಕ ಸಭೆಯ ವಿಷಯವೊಂದರ ಬಗ್ಗೆ ಬಹುಮತದಷ್ಟು ಸದಸ್ಯರಿಗೆ ಹಂಚಿದ ಕಾಗದಪತ್ರ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ. ಸಭೆಗೆ 72 ಗಂಟೆಯೊಳಗೆ ಹಂಚಿದರೆ ಅದೇ ಹೊತ್ತಿಗೆ ಜನರಿಗೂ ಸಿಗುವಂತೆ ಇಡಬೇಕು.

ಲೈಕ್, ಹೃದಯದ ಚಿಹ್ನೆ, ಕನ್ನಡ ಕೂಟದ ಗುಂಪು

ಸಾಮಾಜಿಕ ಜಾಲತಾಣಕ್ಕೆ ಬೇರೆಯದೇ ನಿಯಮ, ಮತ್ತು ಅತ್ಯಂತ ಹೆಚ್ಚು ಜನ ಎಡವುವುದು ಇಲ್ಲೇ. ಎಬಿ 992 ಎಂಬ 2020ರ ತಿದ್ದುಪಡಿ 2021ರ ಜನವರಿ 1ರಿಂದ ಜಾರಿಗೆ ಬಂತು. ಸದಸ್ಯರು ಸಾರ್ವಜನಿಕರ ಪ್ರಶ್ನೆಗೆ ಫೇಸ್‌ಬುಕ್ಕಿನಲ್ಲೋ ಎಕ್ಸಿನಲ್ಲೋ ಉತ್ತರಿಸಬಹುದು, ಮಾಹಿತಿ ಹಂಚಬಹುದು, ಜನರ ಅಭಿಪ್ರಾಯ ಕೇಳಬಹುದು. ಆದರೆ ಸಂಸ್ಥೆಯ ವ್ಯಾಪ್ತಿಯ ವಿಷಯದ ಬಗ್ಗೆ ಇನ್ನೊಬ್ಬ ಸದಸ್ಯರು ಹಾಕಿದ ಅಥವಾ ಹಂಚಿದ ಪೋಸ್ಟಿಗೆ ನೇರವಾಗಿ ಪ್ರತಿಕ್ರಿಯಿಸುವಂತಿಲ್ಲ. ಇಲ್ಲಿ ಬಹುಮತದ ಲೆಕ್ಕವೇ ಇಲ್ಲ. ಒಬ್ಬರೇ ಒಬ್ಬರು ಪ್ರತಿಕ್ರಿಯಿಸಿದರೂ ಉಲ್ಲಂಘನೆ. ಪ್ರತಿಕ್ರಿಯೆ ತೋರುವ ಡಿಜಿಟಲ್ ಚಿಹ್ನೆಗಳೂ ಸೇರುತ್ತವೆ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಹೆಬ್ಬೆಟ್ಟು, ಹೃದಯ, ಕೋಪದ ಮುಖ ಯಾವುದೂ ಬಿಟ್ಟಿಲ್ಲ. ಅಂದರೆ ಫೋನಿನಲ್ಲಿ ಇಬ್ಬರು ಸದಸ್ಯರು ಅರ್ಧಗಂಟೆ ಮಾತಾಡಬಹುದು, ಫೇಸ್‌ಬುಕ್ಕಿನಲ್ಲಿ ಅದೇ ಇಬ್ಬರಲ್ಲಿ ಒಬ್ಬರು ಮತ್ತೊಬ್ಬರ ಪೋಸ್ಟಿಗೆ ಹೆಬ್ಬೆಟ್ಟು ಒತ್ತುವಂತಿಲ್ಲ. ವಿಚಿತ್ರವೆನಿಸಬಹುದು, ಆದರೆ ಬೆರಳು ತಾನಾಗಿ ಒತ್ತುವ ಗುಂಡಿಗೆ ಇಷ್ಟು ಸರಳ ನಿಯಮವೇ ಸರಿ. ಎಷ್ಟು ಜನ ಒತ್ತಿದರು ಎಂದು ಪ್ರತಿ ಸಲ ಎಣಿಸುತ್ತ ಕೂರಲು ಯಾರಿಗೂ ಆಗುವುದಿಲ್ಲ. ಸಹಸದಸ್ಯರನ್ನು ಅನ್‌ಫಾಲೋ ಮಾಡಿಬಿಡುವುದು ಅವಮಾನವಲ್ಲ, ಎಚ್ಚರಿಕೆ.

ಈ ಸೌಲಭ್ಯ ಸಿಗುವುದು ಯಾರು ಬೇಕಾದರೂ ಯಾರ ಅನುಮತಿಯೂ ಇಲ್ಲದೆ ಸೇರಬಹುದಾದ ತಾಣಗಳಿಗೆ ಮಾತ್ರ. ಅಡ್ಮಿನ್ ಸೇರಿಸಿಕೊಳ್ಳಬೇಕಾದ ವಾಟ್ಸಾಪ್ ಗುಂಪು ಅಂಥ ತಾಣವಲ್ಲ. ಇನ್ನೂರು ಜನರಿರುವ ಕನ್ನಡ ಕೂಟದ ಗುಂಪಿನಲ್ಲೋ ಶಾಲೆಯ ಪೋಷಕರ ಗುಂಪಿನಲ್ಲೋ ಒಂದೇ ಬೋರ್ಡಿನ ಮೂವರು ಇದ್ದರೆ, ಅಲ್ಲಿ ಶಾಲೆಯ ಗಡಿ ಬದಲಾವಣೆಯ ಮಾತೆದ್ದಾಗ ಮೂವರೂ ಮಾತಿಗಿಳಿದರೆ ಅದು ಸಾದಾ ಸರಣಿ ಸಭೆ. ಸುತ್ತಲೂ ಇನ್ನೂರು ಜನ ನೋಡುತ್ತಿದ್ದರು ಎಂಬುದು ರಕ್ಷಣೆಯಲ್ಲ. ಊರಿನ ಉಳಿದ ಸಾವಿರಾರು ಜನ ಆ ಗುಂಪಿನಲ್ಲಿಲ್ಲ.

ರಾಜ್ಯೋತ್ಸವಕ್ಕೋ ದೀಪಾವಳಿ ಊಟಕ್ಕೋ ಐವರೂ ಬರಬಹುದೇ? ಧಾರಾಳವಾಗಿ. ಸಾಮಾಜಿಕ ಸಮಾರಂಭಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ತಮ್ಮ ತಮ್ಮಲ್ಲಿ ಬೋರ್ಡಿನ ವಿಷಯ ಮಾತಾಡದಿದ್ದರಾಯಿತು.

ಮೈಸೂರಿನಿಂದ ಜೂಮಿನಲ್ಲಿ

ರಜೆಗೆ ಊರಿಗೆ ಬಂದ ಸದಸ್ಯರು ಅಲ್ಲಿಂದಲೇ ಸಭೆಗೆ ಸೇರಬಹುದೇ ಎಂಬ ಪ್ರಶ್ನೆಗೆ ಹಳೆಯ ಮೂಲ ನಿಯಮದ ಉತ್ತರ ಕೇಳಿ ಬೆಚ್ಚುವವರಿದ್ದಾರೆ. ಸೇರಬಹುದು, ಆದರೆ ಮೈಸೂರಿನ ಆ ಮನೆಯ ವಿಳಾಸ ಅಜೆಂಡಾದಲ್ಲಿ ಇರಬೇಕು, ಅಜೆಂಡಾವನ್ನು ಆ ಮನೆಯ ಬಾಗಿಲಿಗೂ ಹಚ್ಚಬೇಕು, ಯಾರಾದರೂ ಬಂದರೆ ಒಳಗೆ ಬಿಟ್ಟು ಮಾತಾಡಲು ಅವಕಾಶ ಕೊಡಬೇಕು. ಕೋರಂನಷ್ಟು ಸದಸ್ಯರು ಸಂಸ್ಥೆಯ ಗಡಿಯೊಳಗೇ ಇರಬೇಕು, ಮತವನ್ನು ಹೆಸರು ಕೂಗಿ ತೆಗೆದುಕೊಳ್ಳಬೇಕು. ಕೋವಿಡ್ ನಂತರದ ತಿದ್ದುಪಡಿಗಳು ಅನಾರೋಗ್ಯ, ಮಕ್ಕಳ ಪಾಲನೆಯಂಥ ಕಾರಣಗಳಿಗೆ ವಿಳಾಸ ಕೊಡದೆ ಸೇರುವ ದಾರಿ ತೆರೆದಿವೆ. ಅದಕ್ಕೆ ವರ್ಷಕ್ಕೆ ಇಷ್ಟೇ ಸಲವೆಂಬ ಮಿತಿಯಿದೆ. ಈ ಷರತ್ತುಗಳು ಮೇಲಿಂದ ಮೇಲೆ ಬದಲಾಗಿರುವುದರಿಂದ ಟಿಕೆಟ್ ತೆಗೆಯುವ ಮುಂಚೆ ಸಂಸ್ಥೆಯ ಅಜೆಂಡಾ, ದಾಖಲೆ ನೋಡಿಕೊಳ್ಳುವ ಕ್ಲರ್ಕನ್ನು ಕೇಳುವುದು ಒಳಿತು.

ಖಾಸಗಿ ಫೋನು ಅಡಗುತಾಣವಲ್ಲ

"ನನ್ನ ಸ್ವಂತ ಜಿಮೇಲ್, ನನ್ನ ಸ್ವಂತ ಫೋನು" ಎಂಬ ಧೈರ್ಯವನ್ನು ರಾಜ್ಯದ ಸುಪ್ರೀಂ ಕೋರ್ಟು 2017ರ ಮಾರ್ಚಿನಲ್ಲಿ ಸ್ಯಾನ್ ಹೋಸೆ ನಗರದ ಪ್ರಕರಣದಲ್ಲಿ ಮುಗಿಸಿತು. ಸಾರ್ವಜನಿಕ ಕೆಲಸದ ಬಗ್ಗೆ ಬರೆದ ಸಂದೇಶ ಖಾಸಗಿ ಖಾತೆಯಲ್ಲಿದ್ದರೂ ಸಾರ್ವಜನಿಕ ದಾಖಲೆಯೇ. ಯಾರಾದರೂ ಅರ್ಜಿ ಹಾಕಿದರೆ ಸದಸ್ಯರು ತಮ್ಮ ಫೋನು ಹುಡುಕಿ ಕೊಡಬೇಕಾಗುತ್ತದೆ. ಬ್ರೌನ್ ಕಾಯ್ದೆಯ ಉಲ್ಲಂಘನೆಗೆ ಸಾಕ್ಷಿ ಸಿಗುವುದು ಹಲವು ಸಲ ಹೀಗೆಯೇ. ಹಾಗಾಗಿ ಬೋರ್ಡಿನ ಕೆಲಸಕ್ಕೆ ಸಂಸ್ಥೆ ಕೊಟ್ಟ ಇಮೇಲನ್ನೇ ಬಳಸಬೇಕು, ಸಭೆ ನಡೆಯುವಾಗ ಫೋನನ್ನು ಮೇಜಿನ ಮೇಲಿಡದೆ ಚೀಲದಲ್ಲಿಡಬೇಕು. ವೇದಿಕೆಯ ಮೇಲೆ ಕೂತು ಮೂವರು ಪರಸ್ಪರ ಟೆಕ್ಸ್ಟ್ ಮಾಡಿದರೆ ಜನರೆದುರಿಗೇ ಗುಟ್ಟಿನ ಸಭೆ ನಡೆಸಿದಂತೆ.

ತಪ್ಪು ಆಗಿಹೋದರೆ

ಕೈತಪ್ಪಿ ರಿಪ್ಲೈ ಆಲ್ ಹೋದರೆ ಉಳಿದವರು ಮಾಡಬೇಕಾದ ಮೊದಲ ಕೆಲಸ, ಏನೂ ಉತ್ತರಿಸದಿರುವುದು. "ಹೀಗೆ ಬರೆಯಬಾರದು" ಎಂದು ಎಲ್ಲರಿಗೂ ಬರೆಯುವುದೂ ಬೇಡ. ಅಳಿಸಲೂಬಾರದು. ಕ್ಲರ್ಕಿಗೂ ವಕೀಲರಿಗೂ ತಿಳಿಸಿ, ಇಡೀ ಸರಣಿಯನ್ನು ಮುಂದಿನ ಸಭೆಯ ಕಡತಕ್ಕೆ ಸೇರಿಸಿ, ಸಭೆಯಲ್ಲಿ ನಡೆದದ್ದನ್ನು ಹೇಳಿ, ವಿಷಯವನ್ನು ಮೊದಲಿನಿಂದ ಚರ್ಚಿಸಬೇಕು. ಬಹಿರಂಗ ಮಾಡಿದ್ದರಿಂದ ಉಲ್ಲಂಘನೆ ಅಳಿಸಿಹೋಗುವುದಿಲ್ಲ, ಹಾನಿ ಮಾತ್ರ ಕಡಿಮೆಯಾಗುತ್ತದೆ.

ಬೋರ್ಡು ತಾನಾಗಿ ಸರಿಪಡಿಸದಿದ್ದರೆ ಯಾವ ನಾಗರಿಕರಾದರೂ ಹೆಜ್ಜೆಯಿಡಬಹುದು, ಕೌಂಟಿಯ ಸರ್ಕಾರಿ ಅಭಿಯೋಜಕರಾದ ಡಿಸ್ಟ್ರಿಕ್ಟ್ ಅಟಾರ್ನಿಯೂ ಇಡಬಹುದು. ತೀರ್ಮಾನ ರದ್ದಾಗಬೇಕಿದ್ದರೆ ಮೊದಲು ಸಂಸ್ಥೆಗೆ ಲಿಖಿತ ಬೇಡಿಕೆ ಕೊಡಬೇಕು: ಯಾವ ತೀರ್ಮಾನ, ಯಾವ ಉಲ್ಲಂಘನೆ, ಹೇಗೆ ಸರಿಪಡಿಸಬೇಕು. ಇದಕ್ಕೆ ತೀರ್ಮಾನವಾದ ದಿನದಿಂದ 90 ದಿನ. ತೆರೆದ ಸಭೆಯಲ್ಲೇ ಆಗಿದ್ದು ತಕರಾರು ಅಜೆಂಡಾದ್ದಾದರೆ 30 ದಿನ ಮಾತ್ರ. ಸರಿಪಡಿಸಲು ಸಂಸ್ಥೆಗೆ 30 ದಿನ. ಆಮೇಲೆ ನ್ಯಾಯಾಲಯಕ್ಕೆ ಹೋಗಲು ಬರೀ 15 ದಿನ, ಬಹಳ ಮಂದಿ ಸೋಲುವುದು ಈ ಕೊನೆಯ ಅವಧಿ ದಾಟಿಹೋಗಿ. ತೀರ್ಮಾನವೇನೂ ಆಗಿಲ್ಲ, ಇಮೇಲ್ ಚರ್ಚೆಯಷ್ಟೇ ನಡೆದಿದೆ ಎಂದಾದರೆ ದಾರಿ ಬೇರೆ. 9 ತಿಂಗಳೊಳಗೆ "ಇನ್ನು ನಿಲ್ಲಿಸಿ" ಎಂಬ ಪತ್ರ ಕೊಟ್ಟರೆ, ಸಂಸ್ಥೆ 30 ದಿನದಲ್ಲಿ ಇನ್ನೆಂದೂ ಹಾಗೆ ಮಾಡುವುದಿಲ್ಲವೆಂದು ಬೇಷರತ್ತಾಗಿ ಬರೆದುಕೊಡಬಹುದು. ಆ ಮಾತನ್ನು ತೆರೆದ ಸಭೆಯಲ್ಲಿ ಪ್ರತ್ಯೇಕ ವಿಷಯವಾಗಿ ಅಂಗೀಕರಿಸಬೇಕು, ಚರ್ಚೆಯಿಲ್ಲದೆ ಒಟ್ಟಿಗೆ ಅಂಗೀಕರಿಸುವ ವಿಷಯಗಳ ಕನ್ಸೆಂಟ್ ಪಟ್ಟಿಯಲ್ಲಿ ತೂರಿಸುವಂತಿಲ್ಲ. ಜನರಿಗೆ ಮಾಹಿತಿ ತಪ್ಪಿಸುವ ಉದ್ದೇಶದಿಂದಲೇ ಅಕ್ರಮ ಸಭೆಯಲ್ಲಿ ತೀರ್ಮಾನ ಮಾಡಿದ ಸದಸ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಅವಕಾಶವೂ ಇದೆ. ಮೊಕದ್ದಮೆ ಗೆದ್ದ ನಾಗರಿಕರಿಗೆ ವಕೀಲರ ಖರ್ಚು ಕೊಡಿಸಲು ನ್ಯಾಯಾಲಯ ಆದೇಶಿಸಿದರೆ, ಆ ಹಣ ಇಮೇಲ್ ಬರೆದ ಸದಸ್ಯರ ಜೇಬಿನಿಂದ ಬರುವುದಿಲ್ಲ. ಶಾಲೆಯ ಬೊಕ್ಕಸದಿಂದ ಹೋಗುತ್ತದೆ.